ಅಮ್ಮ ಎತ್ತಿಕೊಳ್ಳುವ ಜಾಗ

ಪಿಟೀಲು ಮೇಷ್ಟ್ರು ಕಮಾನನ್ನು ತಂತಿಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ತಂಬೂರಿ ಮಾತ್ರ ತನ್ನ ಪಾಡಿಗೆ ಮೊರೆಯುತ್ತಿತ್ತು. ಅದನ್ನು ಮೀಟುತ್ತ ಹಾಡುತ್ತಿದ್ದವಳು ಭೈರವಿ ರಾಗವನ್ನು ಕೆಳಗಿನಿಂದ ನಿಧಾನವಾಗಿ ಹತ್ತಿಸಿಕೊಂಡು ಬಂದು, ಮೇಲಿನ ಷಡ್ಜದ ಹೊಸ್ತಿಲಲ್ಲಿ ನಿಲ್ಲಿಸಿ ಬಾಯಿ ಮುಚ್ಚಿಕೊಂಡಿದ್ದಳು. ಉಸಿರು ಸಾಲದೆ ನಿಲ್ಲಿಸಿದ ಹಾಗಿರಲಿಲ್ಲ. ಯಾರಿಗೋ ದಾರಿ ಬಿಟ್ಟುಕೊಟ್ಟವಳಂತೆ ತಲೆ ತುಸು ಬಗ್ಗಿತ್ತು.

"ಮುಂದೆ?" ಎಂದರು ಮೇಷ್ಟ್ರು.

"ಏನು ಮುಂದೆ?"

"ಮುಂದೆ ಹಾಡಮ್ಮ. ಇದು ಮೂರನೇ ಸಲ. ಅಲ್ಲಿಗೆ ಬರ್ತೀಯ, ನಿಲ್ಲಿಸಿಬಿಡ್ತೀಯ. ನಾನು ಕಮಾನು ಹಿಡ್ಕೊಂಡು ನಿನ್ನ ಮುಖ ನೋಡ್ತಾ ಕೂತಿರ್ತೀನಿ."

ತಾನು ನಿಲ್ಲಿಸುತ್ತಿದ್ದೇನೆ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಹೇಳಲೋ ಬೇಡವೋ ಎಂದು ಒಂದು ಗಳಿಗೆ ಹಿಂದೆ ಮುಂದೆ ನೋಡಿ, ಕೊನೆಗೆ ಹೇಳಿಯೇಬಿಟ್ಟರು.

"ಅದು ಅಮ್ಮ ಎತ್ತಿಕೊಳ್ತಿದ್ದ ಜಾಗ ಕಣಮ್ಮ. ನೀನು ಇನ್ನೂ ಅವರಿಗೆ ಕಾಯ್ತಿದ್ದೀಯ."

ಪರೀಕ್ಷೆಗೆ ಇನ್ನು ಒಂಬತ್ತು ದಿನ ಇತ್ತು. ಸಂಗೀತದ ಎಂ.ಎ. ಎರಡನೇ ವರ್ಷದ ಕೊನೆಯ ಪರೀಕ್ಷೆ, ಒಂದು ಗಂಟೆಯ ಕಛೇರಿ. ಇಬ್ಬರು ಪರೀಕ್ಷಕರ ಎದುರು ಒಬ್ಬಳೇ ಕೂತು ಹಾಡಬೇಕು. ಶಾಸ್ತ್ರದ ಪತ್ರಿಕೆಗಳಲ್ಲಿ ಅವಳು ಇಡೀ ತರಗತಿಗೆ ಮೊದಲಿಗಳು. ಆದರೆ ಕಛೇರಿಯಲ್ಲಿ ಮುಗ್ಗರಿಸಿದರೆ ಆ ಅಂಕಗಳೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಗೀತದ ಟೀಚರ್ ಕೆಲಸ ಅವಳಿಗಾಗಿ ಕಾದಿತ್ತು. ಕಾದಿತ್ತು ಎಂದರೆ, ಬೇಸಿಗೆ ರಜೆ ಮುಗಿಯುವವರೆಗೆ ಮಾತ್ರ ಕಾಯುತ್ತೇವೆ ಎಂದು ಅಲ್ಲಿಯ ಗುಮಾಸ್ತರು ಸ್ಪಷ್ಟವಾಗಿಯೇ ಹೇಳಿದ್ದರು.

ಅಮ್ಮ ಎಂದರೆ ಹೆತ್ತ ಅಮ್ಮನಲ್ಲ, ಗುರು. ದೊಡ್ಡ ಗಾಯಕಿ. ಈ ಪಿಟೀಲು ಮೇಷ್ಟ್ರಂಥ ಪಕ್ಕವಾದ್ಯದವರಿಂದ ಹಿಡಿದು ಕಾರಿನ ಡ್ರೈವರ್‌ವರೆಗೆ ಎಲ್ಲರಿಗೂ ಅವರು ಅಮ್ಮನೇ. ಬಿ.ಎ. ಮುಗಿಸಿ ಇಪ್ಪತ್ತನೆಯ ವಯಸ್ಸಿನಲ್ಲಿ ಪಾಠಕ್ಕೆಂದು ಹೋದ ಇವಳು ಆ ಮನೆಯಲ್ಲೇ ಉಳಿದುಬಿಟ್ಟಳು. ಇಪ್ಪತ್ತೆರಡು ವರ್ಷ ಅಮ್ಮನ ಎಡಗಡೆ, ಒಂದು ಮೊಳ ಹಿಂದೆ, ತಂಬೂರಿ ಹಿಡಿದು ಕೂತಳು. ಬರೀ ಮೀಟುವುದಲ್ಲ, ಜೊತೆಗೆ ಹಾಡುವುದೂ ಇತ್ತು. ಅಮ್ಮ ಉಸಿರು ತೆಗೆದುಕೊಳ್ಳುವಾಗ ಸ್ವರ ಬೀಳದ ಹಾಗೆ ಹಿಡಿದುಕೊಳ್ಳಬೇಕು. ರೆಕಾರ್ಡಿಂಗ್ ಇಲ್ಲದ ಸಭೆಗಳಲ್ಲಿ ರಾಗದ ಕೆಳಗಿನ ಭಾಗವನ್ನು ಅಮ್ಮ ಇವಳಿಗೆ ಬಿಟ್ಟು ನೀರು ಕುಡಿಯುತ್ತಿದ್ದರು. ಇವಳು ಅದನ್ನು ಮೇಲಿನ ಷಡ್ಜದವರೆಗೆ ತಂದು ನಿಲ್ಲಿಸಬೇಕು. ಅಲ್ಲಿಂದ ಅಮ್ಮ. ಸಭೆ ಅಲ್ಲಾಡಿ ಹೋಗುತ್ತಿದ್ದದ್ದು ಅಲ್ಲಿಂದಲೇ.

"ನನ್ನ ದನಿ ಮುಚ್ಚಬಾರದು" ಎನ್ನುವುದು ಅಮ್ಮ ಹೇಳಿಕೊಟ್ಟ ಮೊದಲ ಪಾಠ. ಇವಳು ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಇವಳ ದನಿ ಹೇಗಿದೆ ಎಂದು ಸಭೆಯಲ್ಲಿ ಯಾರನ್ನಾದರೂ ಕೇಳಿದ್ದರೆ ತಬ್ಬಿಬ್ಬಾಗುತ್ತಿದ್ದರು. ಅಮ್ಮ ಕೆಟ್ಟವರೇನಲ್ಲ. ಇವಳಿಗೆ ಜ್ವರ ಬಂದರೆ ಕಛೇರಿಯನ್ನೇ ಮುಂದೂಡಿದ್ದುಂಟು. ಪ್ರೀತಿಯೋ ಅವಶ್ಯಕತೆಯೋ ಎಂದು ಬಿಡಿಸಿ ನೋಡುವ ಗೋಜಿಗೆ ಇವಳು ಹೋಗಲಿಲ್ಲ.

ಅಮ್ಮ ಹೋದ ಮೇಲೆ ಮಗಳು ಬಂದು ಮನೆಗೆ ಬೀಗ ಹಾಕಿದಳು. ತಂಬೂರಿ ಇವಳ ಪಾಲಿಗೆ ಬಂತು. ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಸರ್ಟಿಫಿಕೇಟ್ ಎಲ್ಲಿ ಎಂದರು. ಇಪ್ಪತ್ತೆರಡು ವರ್ಷದ ವಿದ್ಯೆಗೆ ಅವಳ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ. ಹೀಗಾಗಿ ನಲವತ್ತಮೂರನೆಯ ವಯಸ್ಸಿನಲ್ಲಿ, ಇಪ್ಪತ್ತರ ಆಸುಪಾಸಿನ ನಾಲ್ಕು ಹುಡುಗಿಯರ ಜೊತೆ ಬೆಂಚಿನ ಮೇಲೆ ಕೂತಳು. ಅವರು ಬಂದ ವಾರಕ್ಕೇ ಅವಳಿಗೆ ತಂಬೂರಿ ಅಕ್ಕ ಎಂದು ಹೆಸರಿಟ್ಟರು. ಪರೀಕ್ಷೆಯ ಅರ್ಜಿಯಲ್ಲಿ 'ಅಭ್ಯರ್ಥಿಯ ಶ್ರುತಿ' ಎಂಬ ಜಾಗ ಬಂದಾಗ ಅವರೆಲ್ಲ ತಟಕ್ಕನೆ ಬರೆದರು. ಇವಳು ಪೆನ್ನು ಹಿಡಿದು ಕೂತೇ ಕೂತಳು. ಕೊನೆಗೆ ಅಮ್ಮನ ಶ್ರುತಿಯನ್ನೇ ಬರೆದು ಕೊಟ್ಟಳು.

ಅವಳ ಬಾಡಿಗೆ ಕೋಣೆ ಇದ್ದದ್ದು ಹೊಲಿಗೆ ಅಂಗಡಿಯ ಮೇಲೆ. ಮೇಷ್ಟ್ರ ಮನೆಯಿಂದ ಬಂದ ಆ ಸಂಜೆ ಮೆಟ್ಟಿಲ ಬಳಿ ದರ್ಜಿ ಹೆಂಗಸು ತಡೆದು ನಿಲ್ಲಿಸಿದಳು. ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು, ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ ಎಂದಳು.

"ಅಲ್ಲ ಅಕ್ಕ, ನೀವು ಹಾಡ್ತಾ ಹಾಡ್ತಾ ಯಾಕೆ ನಿಲ್ಲಿಸಿಬಿಡ್ತೀರಿ? ಇನ್ನೇನು ಬಂತು ಅಂತ ನಾನು ಮೆಷಿನ್ ನಿಲ್ಲಿಸಿ ಕಾಯ್ತಾ ಇರ್ತೀನಿ. ಬರೋದೇ ಇಲ್ಲ. ನಿಮ್ಮಿಂದ ನಂದು ದಿನಾ ಎರಡು ಜಾಕೀಟು ಹಿಂದೆ ಬೀಳ್ತಿದೆ."

ಅವಳು ನಕ್ಕು ಮೆಟ್ಟಿಲು ಹತ್ತಿದಳು. ಕೋಣೆಗೆ ಬಂದ ಮೇಲೆ ಅಳು ಬಂತು. ರಾಗ ತಾಳ ಏನೆಂದು ಗೊತ್ತಿಲ್ಲದವಳಿಗೂ ತಿಳಿದ ವಿಷಯ ತನಗೆ ತಿಳಿದಿರಲಿಲ್ಲವಲ್ಲ ಎನ್ನುವ ನಾಚಿಕೆ ಅದರಲ್ಲಿ ಅರ್ಧ ಇತ್ತು.

ಮರುದಿನದಿಂದ ಅವಳು ಅಮ್ಮನ ಹಳೆಯ ಕ್ಯಾಸೆಟ್ಟುಗಳನ್ನು ಹಾಕಿಕೊಂಡು ಕೂತಳು. ಮೇಲಿನ ಷಡ್ಜದಿಂದ ಆಚೆಗೆ ಅಮ್ಮ ಏನೇನು ಮಾಡುತ್ತಿದ್ದರೋ ಅದನ್ನೆಲ್ಲ ಬಿಡಿಬಿಡಿಯಾಗಿ ಕಲಿತಳು. ಕಲಿಯುವುದರಲ್ಲಿ ಅವಳದು ಎತ್ತಿದ ಕೈ. ನಾಲ್ಕೇ ದಿನದಲ್ಲಿ ಖಾಲಿ ಜಾಗ ತುಂಬಿತು. ಮೇಷ್ಟ್ರ ಎದುರು ಹಾಡಿ ತೋರಿಸಿದಳು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು, ಕಣ್ಣು ಒದ್ದೆ ಮಾಡಿಕೊಂಡರು. ಆಮೇಲೆ ತಲೆಯಾಡಿಸಿದರು.

"ಥೇಟ್ ಅಮ್ಮನೇ. ಆದರೆ ಅಮ್ಮ ಪರೀಕ್ಷೆಗೆ ಕೂತಿಲ್ಲವಲ್ಲ."

ಹೆಚ್ಚುಕಡಿಮೆ ಇದೇ ಮಾತನ್ನು ವಿಭಾಗದ ಮೇಡಂ ಇನ್ನೊಂದು ರೀತಿಯಲ್ಲಿ ಹೇಳಿದರು. ಅವಳ ಪ್ರಬಂಧವನ್ನು ನೋಡುತ್ತಿದ್ದವರು ಅವರೇ. ಅಮ್ಮನ ಒಂದು ರೇಡಿಯೋ ಕಛೇರಿಯ ಭೈರವಿಯನ್ನು ಅವಳು ಮೊದಲಿನಿಂದ ಕೊನೆಯವರೆಗೆ ಸ್ವರ ಹಾಕಿ ಬರೆದಿದ್ದಳು. ಒಂದು ಗಮಕವೂ ತಪ್ಪಿರಲಿಲ್ಲ. ಆದರೆ ನಲವತ್ತೊಂದನೆಯ ಪುಟದಲ್ಲಿ 'ಕೆಮ್ಮು' ಎಂದು ಬರೆದು, ಮುಂದೆ ಒಂದು ಸಾಲು ಖಾಲಿ ಬಿಟ್ಟಿದ್ದಳು. ಮೇಡಂ ಆ ಖಾಲಿ ಸಾಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ರೆಕಾರ್ಡಿಂಗ್ ಕೇಳಿಸಿದರು. ಅಮ್ಮ ಕೆಮ್ಮಿದ ಕಡೆ ನಾಲ್ಕು ಸೆಕೆಂಡು ಬೇರೊಂದು ದನಿ ಹಾಡುತ್ತಿತ್ತು. ಎಳೆಯ ದನಿ, ಹೆದರಿದ ದನಿ, ಆದರೂ ಸ್ವರಕ್ಕೆ ಸರಿಯಾಗಿ ಕೂತಿತ್ತು.

"ಇಲ್ಲಿ ಹಾಡು ಇದೆಯಲ್ಲ. ಯಾಕೆ ಬರೆದಿಲ್ಲ?"

"ಅದು ಅಮ್ಮಂದಲ್ಲ ಮೇಡಂ."

ಮೇಡಂ ಅವಳಿಗಿಂತ ಏಳು ವರ್ಷ ಚಿಕ್ಕವರು. ಅವಳ ಮುಖ ನೋಡಿ, ಹಾಳೆಯನ್ನು ಅವಳ ಕಡೆಗೆ ಸರಿಸಿದರು. ಬರೆದು ತನ್ನಿ ಎಂದಷ್ಟೇ ಹೇಳಿದರು. ಅವಳು ಬರೆದಳು. ಒಂದೂವರೆ ಸಾಲಾಯಿತು. ಇಪ್ಪತ್ತೆರಡು ವರ್ಷದಲ್ಲಿ ತಾನು ಒಬ್ಬಳೇ ಹಾಡಿದ್ದಕ್ಕೆ ಲೋಕದಲ್ಲಿರುವ ಸಾಕ್ಷಿ ಅಷ್ಟೇ ಎಂದು ಅವಳಿಗೆ ಹೊಳೆದದ್ದು ಬಸ್ಸಿನಲ್ಲಿ. ಇಳಿಯುವ ನಿಲ್ದಾಣ ಬಿಟ್ಟು ಎರಡು ನಿಲ್ದಾಣ ಮುಂದೆ ಹೋಗಿ ಇಳಿದಳು.

ಪರೀಕ್ಷೆಯ ಪಟ್ಟಿಯಲ್ಲಿ ಅವಳದು ಕೊನೆಯ ಹೆಸರು. ಹುಡುಗಿಯರೆಲ್ಲ ಹಿಂದಿನ ಎರಡು ದಿನಗಳಲ್ಲೇ ಮುಗಿಸಿದ್ದರು. ನಾಲ್ವರಿಗೂ ಹಿಂದೆ ಕೂತು ತಂಬೂರಿ ಹಿಡಿದವಳು ಅವಳೇ. ಅಕ್ಕ ಇದ್ದರೆ ಧೈರ್ಯ ಎಂದು ಕೈ ಹಿಡಿದುಕೊಂಡಿದ್ದರು, ಮುಗಿದ ಮೇಲೆ ತಬ್ಬಿಕೊಂಡು ಫೋಟೋ ತೆಗೆಸಿಕೊಂಡಿದ್ದರು. ಇವಳ ಪರೀಕ್ಷೆಯ ದಿನಕ್ಕೆ ಅವರೆಲ್ಲ ಊರು ಸೇರಿದ್ದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಬನ್ನಿ ಎಂದು ಇವಳು ಕೇಳಿರಲೇ ಇಲ್ಲ. ತನಗೂ ಒಬ್ಬರು ತಂಬೂರಿಗೆ ಬೇಕಾಗುತ್ತಾರೆ ಎನ್ನುವುದು ಅವಳ ತಲೆಗೇ ಹೋಗಿರಲಿಲ್ಲ. ಕೊನೆಗೆ ಜವಾನ ಕಪಾಟಿನಿಂದ ವಿದ್ಯುತ್ ಶ್ರುತಿಪೆಟ್ಟಿಗೆ ತಂದಿಟ್ಟು ಸ್ವಿಚ್ಚು ಹಾಕಿ ಹೋದ.

ಎರಡನೇ ಮಹಡಿಯ ಉದ್ದನೆಯ ಕೋಣೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಬಿಸಿನೀರಿನ ಫ್ಲಾಸ್ಕನ್ನು ಪಕ್ಕಕ್ಕಿಟ್ಟುಕೊಂಡು ಹಾಳೆ ತಿರುವುತ್ತಿದ್ದರು. ಅವರ ಪಕ್ಕದಲ್ಲಿ ಎರಡನೇ ಪರೀಕ್ಷಕರಾಗಿ ಮೇಡಂ. ಕೇಳುವವರಿಗೆಂದು ಹಾಕಿದ್ದ ನಲವತ್ತು ಕುರ್ಚಿಗಳಲ್ಲಿ ಒಂದರ ಮೇಲೆ ಉತ್ತರ ಪತ್ರಿಕೆಗಳ ಕಟ್ಟು ಕೂತಿತ್ತು, ಉಳಿದವು ಖಾಲಿ. ಅವಳು ಜಮಖಾನದ ಮೇಲೆ ಹೋಗಿ ಕೂತಳು. ಪಿಟೀಲು ಮೇಷ್ಟ್ರು, ಮೃದಂಗದವರು ಇಬ್ಬರೂ ಅವಳಿಗಿಂತ ಮುಂದಿದ್ದರು.

"ಸ್ವಲ್ಪ ಮುಂದೆ ಬನ್ನಿ" ಎಂದರು ಮೇಡಂ. "ಮೈಕು ನಿಮಗೇ ಇಟ್ಟಿರೋದು."

ಅವಳು ಒಂದು ಮೊಳ ಮುಂದೆ ಸರಿದಳು. ಬೆನ್ನ ಹಿಂದೆ ಅಷ್ಟೂ ಜಾಗ ಬರಿದಾಗಿ ತಣ್ಣಗಾಯಿತು.

ಮೊದಲ ಎರಡು ಕೃತಿಗಳು ಹೇಗೋ ದಾಟಿದವು. ಭೈರವಿ ಎತ್ತಿಕೊಂಡಳು. ಕೆಳಗಿನ ಭಾಗದಲ್ಲಿ ಅವಳಿಗೆ ಸಾಟಿಯೇ ಇರಲಿಲ್ಲ. ಪರೀಕ್ಷಕರು ಹಾಳೆ ತಿರುವುವುದನ್ನು ಬಿಟ್ಟು ತಲೆಯೆತ್ತಿದರು. ಒಂದೊಂದೇ ಸ್ವರ ಹತ್ತಿ, ಷಡ್ಜದ ಹೊಸ್ತಿಲಿಗೆ ಬಂದು, ಇಷ್ಟೆಲ್ಲ ಗೊತ್ತಿದ್ದೂ, ಅವಳು ನಿಂತಳು.

ಅಮ್ಮನದು ಅಷ್ಟೂ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹಾಡಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳು ಬಲಕ್ಕೆ ನೋಡಿದಳು. ಅಮ್ಮ ಇರಬೇಕಾಗಿದ್ದ ಕಡೆ ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು. ಮೇಷ್ಟ್ರನ್ನು ನೋಡಿದಳು. ಇಂಥ ಹೊತ್ತಿನಲ್ಲಿ ಎರಡು ಸ್ವರ ಎಳೆದು ಹಾಡುಗಾರರ ಮಾನ ಕಾಪಾಡುವುದು ಪಿಟೀಲಿನವರ ಮರ್ಯಾದೆ. ಅವರು ಹಾಗೆ ಮಾಡಲಿಲ್ಲ. ಕಮಾನನ್ನು ನಿಧಾನವಾಗಿ ಎತ್ತಿ ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದರು. ಯಾರೂ ಬರುವುದಿಲ್ಲ ಎನ್ನುವುದು ಆಗ ಅವಳಿಗೆ ಖಾತ್ರಿಯಾಯಿತು. ಅಮ್ಮ ಹೋದ ದಿನ ಕೂಡ ಅಷ್ಟು ಖಾತ್ರಿಯಾಗಿರಲಿಲ್ಲ.

ಅವಳು ಬಾಯಿ ತೆರೆದಳು. ಬಂದ ದನಿ ಅಮ್ಮನದಾಗಿರಲಿಲ್ಲ. ಟ್ರಂಕಿನ ತಳದಲ್ಲಿ ವರ್ಷಗಟ್ಟಲೆ ಮಡಿಸಿಟ್ಟ ಬಟ್ಟೆಯಂತೆ ಅದರ ತುಂಬ ಸುಕ್ಕು ಇತ್ತು. ಷಡ್ಜವನ್ನು ಮುಟ್ಟಿತು, ನಿಲ್ಲಲಾಗದೆ ಒಡೆಯಿತು. ಅಮ್ಮನ ದನಿ ಒಡೆದಾಗಲೆಲ್ಲ ಹಿಂದಿನಿಂದ ಹಿಡಿದುಕೊಳ್ಳಲು ಅವಳಿದ್ದಳು. ಅವಳ ಹಿಂದೆ ಗೋಡೆ ಇತ್ತು. ಮೇಡಂ ಮೇಜಿನ ಅಂಚನ್ನು ಹಿಡಿದುಕೊಂಡರು. ಅವಳು ಗಂಟಲು ಸರಿಮಾಡಿಕೊಂಡು ಮತ್ತೆ ಹತ್ತಿದಳು. ಈ ಸಲ ಅದು ನಿಂತಿತು. ಅಲ್ಲಿಂದ ಆಚೆಗೆ ನಾಲ್ಕೈದು ಹೆಜ್ಜೆ ಹೋದಳು. ಅವು ಕ್ಯಾಸೆಟ್ಟಿನಲ್ಲಿರಲಿಲ್ಲ, ಪುಸ್ತಕದಲ್ಲೂ ಇರಲಿಲ್ಲ. ಕತ್ತಲೆಯ ಕೋಣೆಯಲ್ಲಿ ಗೋಡೆ ತಡವಿಕೊಂಡು ನಡೆದ ಹಾಗೆ ನಡೆದು, ಕೆಳಗಿಳಿದು ಬಂದಳು. ಮೇಷ್ಟ್ರು ಕಮಾನು ಎತ್ತಿಕೊಂಡು, ಅವಳು ಹೋದ ದಾರಿಯಲ್ಲೇ ಹೋಗಿ ಬಂದರು. ಒಡೆದ ಜಾಗವನ್ನು ಮಾತ್ರ ಹಾಗೇ ಬಿಟ್ಟರು.

ಕೊನೆಗೆ ಹೊರಗಿನ ಪರೀಕ್ಷಕರು ಹೆಚ್ಚು ಮಾತಾಡಲಿಲ್ಲ. ಮೇಲಿನ ಸ್ಥಾಯಿಗೆ ಸಾಧನೆ ಸಾಲದು, ಈ ವಯಸ್ಸಿನಲ್ಲಿ ಕಷ್ಟ, ಆದರೆ ಬಿಡಬೇಡಿ ಎಂದರು. ಅವರು ಹೋದ ಮೇಲೆ ಮೇಡಂ ಬಾಗಿಲವರೆಗೆ ಬಂದು, ಫಲಿತಾಂಶ ಈಗಲೇ ಹೇಳುವ ಹಾಗಿಲ್ಲ, ಶಾಲೆಯವರಿಗೆ ಮಾತ್ರ ಬರುತ್ತೇನೆಂದು ಹೇಳಿಬಿಡಿ ಎಂದು ನಕ್ಕರು. ಕಛೇರಿಯಲ್ಲಿ ಇಡೀ ತರಗತಿಗೆ ಅವಳದೇ ಎಲ್ಲರಿಗಿಂತ ಕಡಿಮೆ ಅಂಕ ಎಂದು ಮುಂದೆ ಗೊತ್ತಾಯಿತು. ಅಷ್ಟಾದರೂ ಬಂತಲ್ಲ ಎಂದೇ ಅವಳಿಗೆ ಅನಿಸಿತು. ವಿಭಾಗದವರು ಮಾಡಿದ ರೆಕಾರ್ಡಿಂಗನ್ನು ಮೇಷ್ಟ್ರು ಅವಳ ಫೋನಿಗೆ ಹಾಕಿಸಿಕೊಟ್ಟು, ಪಿಟೀಲಿನ ಪೆಟ್ಟಿಗೆ ಎತ್ತಿಕೊಂಡು ಹೋದರು.

ಕೋಣೆಗೆ ಬಂದಾಗ ನಾಲ್ಕು ಗಂಟೆ. ಕೆಳಗೆ ಮೆಷಿನ್ ಓಡುತ್ತಿತ್ತು. ಹೇಗಾಯ್ತು ಎಂದು ಕೇಳುವವರಿಲ್ಲದ ಕೋಣೆಯಲ್ಲಿ ಅವಳು ಕಿಟಕಿ ತೆರೆದು, ಮುಖ ತೊಳೆದುಕೊಂಡು, ಚಾಪೆ ಹಾಸಿದಳು. ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಚಾಪೆಯ ನಡುವೆ ಇಟ್ಟಳು. ಆಮೇಲೆ ತಂಬೂರಿಯ ಗವುಸು ಬಿಚ್ಚಿ, ಶ್ರುತಿ ಸೇರಿಸಿ, ರೆಕಾರ್ಡಿಂಗ್ ಹಾಕಿ, ಫೋನಿನ ಎಡಗಡೆ ಒಂದು ಮೊಳ ಹಿಂದೆ ಕೂತಳು.

ಭೈರವಿ ಬಂತು. ಅವಳು ಮೀಟುತ್ತ ಹೋದಳು. ಮುಂದೆ ಕೂತ ದನಿ ಒಂದೊಂದೇ ಸ್ವರ ಹತ್ತಿ ಮೇಲೆ ಬಂದು ನಿಂತಿತು. ಫೋನಿನಲ್ಲಿ ಮೌನ. ಕೆಳಗೆ ಮೆಷಿನ್ ಕೂಡ ನಿಂತಿತು. ಅವಳ ಬೆರಳು ಮಾತ್ರ ನಿಲ್ಲಲಿಲ್ಲ. ಆ ದನಿ ಮತ್ತೆ ಎದ್ದು, ಷಡ್ಜವನ್ನು ಮುಟ್ಟಿ, ಒಡೆಯಿತು. ಒಡೆಯುತ್ತಿದ್ದಂತೆ ಅವಳ ಬಾಯಿ ತಾನಾಗಿ ತೆರೆಯಿತು. ಮುಂದಿನವರ ದನಿ ಮುಚ್ಚದಷ್ಟು ಮೆಲ್ಲಗೆ, ಹಿಂದಿನಿಂದ, ಅವಳು ಷಡ್ಜವನ್ನು ಹಿಡಿದುಕೊಂಡಳು. ಆ ದನಿ ಗಂಟಲು ಸರಿಮಾಡಿಕೊಂಡು ಬರುವವರೆಗೆ ಹಿಡಿದೇ ಇದ್ದಳು. ಅದು ಬಂದ ಮೇಲೆ ತಲೆ ಬಗ್ಗಿಸಿ ದಾರಿ ಬಿಟ್ಟಳು.

ಕೆಳಗೆ ಮೆಷಿನ್ ಮತ್ತೆ ಓಡತೊಡಗಿತು.