ಅರಗು ಹಾಕಿದ ಬಟನ್

ಶೈಲೇಶನ ಉಗುರು ಯಂತ್ರದ ಮೇಲಿನ ಅರಗನ್ನು ಕೆರೆಯತೊಡಗಿದೊಡನೆ ಗಂಗುಬಾಯಿ ಚಹಾದ ಬಶಿಯನ್ನು ಕೆಳಗಿಟ್ಟರು.

"ಕೈ ತಗೀರಿ."

"ಕಾಕು, ಇದನ್ನ ತಗದ್ರ ಮಷೀನು ಹೊಸಾದರಂಗ ಕಾಣತದ. ಅಕ್ಕಲಕೋಟದ ನಮ್ಮ ಮನ್ಯಾಗ ಗಾಜಿನ ಕಪಾಟಿನ್ಯಾಗ ಇಡತೀನಿ."

ಹಳೆಯ ರೇಡಿಯೋ, ಟೈಪ್‌ರೈಟರ್‌ಗಳನ್ನು ಕೂಡಿಡುವುದು ಶೈಲೇಶನ ಹವ್ಯಾಸ. ಈ ಚದುರಂಗದ ಯಂತ್ರವನ್ನು ಅವನಿಗೆ ಕೊಡುವುದಾಗಿ ಮಾತು ಕೊಟ್ಟವನು ಅವನ ಗೆಳೆಯ, ಗಂಗುಬಾಯಿಯವರ ಮಗ ಸೋಮೇಶ. ಅದೂ ತಾಯಿಯನ್ನು ಕೇಳದೆ.

ಯಂತ್ರವನ್ನು ಕೊಂಡು ತಂದವರು ಗಂಗುಬಾಯಿಯವರ ತೀರಿಹೋದ ಪತಿ ಕಲ್ಯಾಣಪ್ಪ. ಸೋಲಾಪುರದ ತಮ್ಮ ಚಾದರದ ಅಂಗಡಿಯಲ್ಲಿ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ, ಗಂಡಹೆಂಡತಿ ಸರದಿಯಂತೆ ಅದರೊಡನೆ ಆಡುತ್ತಿದ್ದರು. ಕಾಯನ್ನು ಮನೆಯ ಮೇಲೆ ಒತ್ತಿದರೆ ಅದು ಕೀಂ ಎನ್ನುತ್ತಿತ್ತು. ಅಂಚಿನ ಕೆಂಪು ದೀಪ ಮಿನುಗಿಸಿ ತನ್ನ ನಡೆ ತಿಳಿಸುತ್ತಿತ್ತು. ಆಡಿದ ನಡೆಯನ್ನು ಹಿಂತೆಗೆಯಲೂ, ಪಕ್ಕದಲ್ಲಿ ಹೆಸರು ಬರೆದ ಒಂದು ಬಟನ್ ಇತ್ತು. ಅದನ್ನು ಕಂಡ ದಿನವೇ ಕಲ್ಯಾಣಪ್ಪ, ಪಾರ್ಸೆಲ್ಲಿಗೆ ಮೊಹರು ಹಾಕುವ ಅರಗನ್ನು ಕಾಸಿ ಅದರ ಮೇಲೆ ಸುರಿದಿದ್ದರು. ತಪ್ಪಿದವನು ಸೋಲಲಿ, ಕಲಿಯಲಿ. ತಪ್ಪನ್ನು ಅಳಿಸಿ ಗೆದ್ದವನು ಕಲಿಯುವುದಾದರೂ ಏನನ್ನು? ಅಂಥ ಅರಗನ್ನು ಕೊಳೆಯೆಂದು ಕೆರೆಯುವವನಿಗೆ ಹಳೆಯದರ ಮೇಲೆ ಪ್ರೀತಿಯಂತೆ.

"ಆಡಾಕ ಬರತದೇನು ನಿಮಗ?"

"ಮೊಬೈಲ್‌ನ್ಯಾಗ ದಿನಾ ಆಡತೀನ್ರಿ."

"ಹಂಗಾರ ಕೂಡ್ರಿ."

ಶೈಲೇಶ ಕಾಯನ್ನು ಮೆಲ್ಲಗೆ ಇಟ್ಟ. ಯಂತ್ರ ಸುಮ್ಮನಿತ್ತು.

"ಒತ್ರಿ. ಮನಸ್ಸ ಮಾಡಿ ಆಡೀರಿ ಅಂತ ಅದಕ್ಕ ತಿಳೀಬೇಕು."

ಸ್ವಲ್ಪ ಹೊತ್ತಿನಲ್ಲೇ ಅವನು ತನ್ನ ವಜೀರನನ್ನು ಕುದುರೆಯ ಬಾಯಿಗೆ ಒಡ್ಡಿದ. ಕೆಂಪು ದೀಪ ಮಿನುಗಿತು; ವಜೀರ ಹೋದ. ಮೊಬೈಲಿನ ರೂಢಿಯಂತೆ ನಡೆ ಹಿಂತೆಗೆಯಲು ಅವನ ಬೆರಳು ತಾನಾಗಿಯೇ ಅರಗಿನತ್ತ ಹೋಯಿತು.

"ಅದನ್ನ ಈ ಮನ್ಯಾಗ ಯಾರೂ ಒತ್ತಂಗಿಲ್ಲ."

ಪಕ್ಕದಲ್ಲೇ ಕೂತಿದ್ದ ಸೋಮೇಶ ಮುಖ ಸಣ್ಣದು ಮಾಡಿದ. "ಅವ್ವ, ನಾ ಶಬ್ದ ಕೊಟ್ಟೀನಿ. ಕೊಟ್ಟ ಮಾತು ಹಿಂದ ತಗೋಬಾರದಂತ ಅಪ್ಪನೇ ಹೇಳತಿದ್ದ."

ತಂದೆಯ ಮಾತನ್ನೇ ಮುಂದಿಟ್ಟು ಮಗ ತಾಯಿಯ ರಾಜನಿಗೇ ಚೆಕ್ ಕೊಟ್ಟಿದ್ದ. ಗಂಗುಬಾಯಿ ಯಂತ್ರದ ಮೇಲೆ ಅಂಗೈ ಊರಿದರು.

"ಖರೆ, ತಗೋಬಾರದು. ಆದ್ರ ಮಷೀನು ನಂದು, ಮಾತು ನಿಂದು. ನಿಂದೇನದ ಅದನ್ನ ಕೊಡು. ಶೈಲೇಶ, ಇವನ ಮೊಬೈಲ್ ತಗೊಂಡ ಹೋಗ್ರಿ. ಅದರಾಗೂ ಚದುರಂಗ ಅದ, ಹಿಂದ ತಗೊಳ್ಳೋ ಬಟನ್ನೂ ಅದ."

ಸೋಮೇಶನ ಕೈ ತಟ್ಟನೆ ಕಿಸೆಯನ್ನು ಮುಚ್ಚಿಕೊಂಡಿತು. ಶೈಲೇಶ ಎದ್ದು ನಿಂತ.

"ಕೂಡ್ರಿ. ಆಟ ಅರ್ಧಕ್ಕ ಬಿಡಬಾರದು," ಎಂದರು ಗಂಗುಬಾಯಿ. "ವಜೀರ ಹೋದ್ರೂ ಆಡಾಕ ಬರತದ. ನಮ್ಮವರು ಹೋದ ಮ್ಯಾಲೂ ನಾ ಆಡಾಕತ್ತಿಲ್ಲೇನು?"