ಹೊಡಿ ಎಂಬ ಒಂದು ಮಾತು

ಚ್ರ್ರ್ ಚ್ರ್ರ್ — ಉಣ್ಣಿಹಕ್ಕಿ, ಎಡಗಡೆ, ಆ ಮುಳ್ಳುಪೊದೆಯ ಒಳಗಿನಿಂದ, ಕಾಡುಕೋಣದ ಬೆನ್ನ ಮೇಲೆ ಕೂತು ಉಣ್ಣಿಹುಳ ಹೆಕ್ಕುವ ಹಕ್ಕಿ ಪೊದೆಯೊಳಗೆ ಸುಮ್ಮನೆ ಕೂತು ಹರಟುವುದಿಲ್ಲ, ಅದರ ಕೆಳಗೆ ಒಂದು ಬೆನ್ನು ಇದ್ದೇ ಇರುತ್ತದೆ, ಹಿಂಡು ಬಿಟ್ಟ ಮುದಿ ಕೋಣದ ಬೆನ್ನು, ಲುವಾಂಗ್ವಾ ನದಿಯ ಈ ದಂಡೆಯಲ್ಲಿ ಕಾಡು ನೋಡಲು ಬಂದ ಅತಿಥಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿಸುವುದೇ ಯೋರಾಮನ ಕೆಲಸ, ಅವನಿಗೆ ಇದು ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು, ಈಗ ನಾಲಿಗೆ ಮಡಿಸಿ ಒಂದು ಸಿಳ್ಳೆ, ಅಷ್ಟೇ, ಮುಂದೆ ಬಂದೂಕು ಹಿಡಿದು ನಡೆಯುತ್ತಿರುವ ಕೆಬ್ಬಿ ನಿಲ್ಲುತ್ತಾನೆ, ಹಿಂದಿರುವ ಅತಿಥಿಗಳೂ ನಿಲ್ಲುತ್ತಾರೆ, ಎಲ್ಲರೂ ಬಂದ ದಾರಿಯಲ್ಲೇ ಮೆಲ್ಲಗೆ ವಾಪಸು — ನಾಲಿಗೆ ಮಡಿಸಿಕೊಂಡಿತು, ಸಿಳ್ಳೆ ಹೊರಡಲಿಲ್ಲ. ಕೆಬ್ಬಿಗೆ ಹಕ್ಕಿ ಕೇಳಿಸಿಲ್ಲ, ಅವನ ಎಡಗಿವಿ ಬಂದೂಕಿನ ಸದ್ದಿಗೆ ಎಂದೋ ಸತ್ತುಹೋಗಿದೆ, ಆ ಕಿವಿಯ ಹಿಂದಿನ ಮಡಿಕೆಯಲ್ಲಿ ಬೆವರು ಹೊಳೆಯುತ್ತಿದೆ, ಅಗಲವಾದ ಕತ್ತು, ಅಕ್ಕ ಎನೆಲೆಸಿಯ ಗಂಡನ ಕತ್ತು, ನಿನ್ನೆ ಸಂಜೆ ಒಣಮೀನು ತೆಗೆದುಕೊಂಡು ಅಕ್ಕನ ಮನೆಗೆ ಹೋದಾಗ ಅವಳು ಶಿಮಾ ಮುದ್ದೆಯನ್ನು ಎಡಗೈಯಲ್ಲಿ ಬಡಿಸಿದಳು, ಬಲಗೈಯ ಬೆರಳುಗಳನ್ನು ಬಟ್ಟೆಯ ಚೂರಿನಲ್ಲಿ ಬಿಗಿದು ಕಟ್ಟಿದ್ದಳು, ಏನಾಯ್ತಕ್ಕ, ಒನಕೆ ಬಿತ್ತು ಕಣೋ, ಒನಕೆ ಕೆನ್ನೆ ಮೇಲೂ ಬಿತ್ತಾ, ಸುಮ್ನೆ ಉಣ್ಣು, ಬಾಗಿಲ ಹಿಂದೆ ಒರಗಿಸಿಟ್ಟ ಬಂದೂಕಿನ ಹಿಡಿ, ಮರದ ಹಿಡಿ, ಅದರ ಲೋಹದ ಅಂಚು ಸರಿಯಾಗಿ ಬೆರಳಿನ ಅಗಲ, ಇದೇ ಆ ಒನಕೆ, ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡು ಇವನನ್ನು ಸಾಕಿದ ಅಕ್ಕ, ಅವನ್ನ ಬಯ್ಬೇಡ ಕಣೋ ಅಂದಳು, ಕಾಡಲ್ಲಿ ನಿನ್ನ ಮುಂದೆ ನಡೆಯೋನು ಅವ್ನೇ, ಅದಕ್ಕೇ ನಂಗೆ ನಿದ್ದೆ ಬರೋದು.

ಚ್ರ್ರ್ — ಇನ್ನೂ ಹತ್ತಿರ, ಗಾಳಿ ನಮ್ಮ ಬೆನ್ನಿನ ಕಡೆಯಿಂದ, ಪೊದೆಗೆ ನಮ್ಮ ವಾಸನೆ ಹೋಗಿಯೇ ಹೋಗುತ್ತದೆ, ಬಯ್ಯುವುದಂತೆ, ಬಯ್ದರೆ ತಾನೆ ಏನಾದೀತು, ಈ ಊರಲ್ಲಿ ಭಾವ ಭಾಮೈದ ಒಬ್ಬರಿಗೊಬ್ಬರು ಏನು ಬೇಕಾದರೂ ಅನ್ನಬಹುದು, ಅದೇ ವಾಡಿಕೆ, ಕಳ್ಳ, ಷಂಡ, ನಿನ್ನ ಹೆಣಕ್ಕೆ ಅಳೋರೂ ಇಲ್ಲ, ಯಾರೂ ಸಿಟ್ಟಾಗುವ ಹಾಗಿಲ್ಲ, ಸಿಟ್ಟಾದವನೇ ಸೋತ, ಹೋದ ಮಳೆಗಾಲದಲ್ಲಿ ಹೆಂಡದಂಗಡಿಯ ಮುಂದೆ ಎಲ್ಲರೆದುರು ಯೋರಾಮ್ ಅಂದಿದ್ದ, ಅಕ್ಕನ ಮೇಲೆ ಕೈ ಮಾಡಿದ್ರೆ ಕೊಂದ್ಹಾಕ್ತೀನಿ ಭಾವ, ತಮಾಷೆಗಲ್ಲ, ಎದೆಯಾಳದಿಂದ ಅಂದಿದ್ದ, ಕೆಬ್ಬಿ ಹೊಟ್ಟೆ ಹಿಡಿದುಕೊಂಡು ನಕ್ಕ, ಕೇಳ್ರಪ್ಪಾ, ನನ್ನ ಭಾಮೈದ ಕೊಲ್ತಾನಂತೆ, ಕೋಳಿ ಕುಯ್ಯೋಕೆ ಹೇಳಿದ್ರೆ ಕಣ್ಣು ಮುಚ್ಕೊಳ್ಳೋನು, ಎಲ್ಲರೂ ನಕ್ಕರು, ಅಯ್ಯೋ ದೇವರೇ ಇವನೂ ನಕ್ಕುಬಿಟ್ಟ, ನಗಿಸುವುದರಲ್ಲಿ ಕೆಬ್ಬಿಯನ್ನು ಬಿಟ್ಟರಿಲ್ಲ, ಇವತ್ತು ಬೆಳಿಗ್ಗೆ ಕೂಡ, ಏನೋ ಮುಖ ಊದಿಸ್ಕೊಂಡಿದೀಯ, ಕನಸಲ್ಲೂ ಹುಡುಗಿ ಸಿಗ್ಲಿಲ್ವಾ, ಸಿಕ್ಕಿದ್ಲು ಭಾವ, ನಿಮ್ಮ ಮುಖ ನೋಡಿ ಓಡಿಹೋದ್ಲು, ಬಾಯಿ ತಾನಾಗಿ ಆಡುತ್ತದೆ, ಒಳಗೆ ಬೆಂಕಿ ಉರಿಯುತ್ತಿದ್ದರೂ ಬಾಯಿಗೆ ಅದೇ ಅಭ್ಯಾಸ, ಭಾವನನ್ನು ಕಂಡರೆ ಆಗುವುದಿಲ್ಲ, ಸಾಯಲಿ ಅನ್ನಿಸುತ್ತದೆ, ನಿಜವಾಗಿಯೂ, ಒಂದು ಸಿಳ್ಳೆ ತಾನೆ, ಹಾಕಿದರಾಯಿತು, ಇನ್ನೊಂದು ಹೆಜ್ಜೆ ಹೋಗಲಿ, ಇನ್ನೊಂದು —

ಪೊದೆ ಒಡೆಯಿತು. ಕಪ್ಪಗೆ, ಕೆಸರು ಮೆತ್ತಿದ ಮೈ, ತಲೆ ಮೇಲೆತ್ತಿ ಮೂಗು ಮುಂದೆ ಚಾಚಿ ಸೀದಾ ಬರುತ್ತಿದೆ, ಕೆಬ್ಬಿ ಬಂದೂಕು ಅರ್ಧ ಎತ್ತಿದ, ಹೊಡೆಯಬೇಕಿತ್ತು, ಹೊಡೆಯಲು ಸಮಯವಿತ್ತು, ಅವನು ಹೊಡೆಯಲಿಲ್ಲ, ಹಿಂದಕ್ಕೆ ತಿರುಗಿ ನೋಡಿದ, ಹುಬ್ಬು ಮೇಲೇರಿಸಿ, ಯೋರಾಮನ ಬಾಯನ್ನೇ ನೋಡಿದ. ಯಾಕೆಂದರೆ ಹೇಳಿದ್ದು ಇವನೇ, ಹೋದ ವರ್ಷ ಸುಮ್ಮನೆ ಕಿವಿ ಬಡಿದು ಹೆದರಿಸಿದ ಒಂದು ಹೆಣ್ಣಾನೆಯನ್ನು ಕೆಬ್ಬಿ ದುಡುಕಿ ಉರುಳಿಸಿದಾಗ, ವಿಚಾರಣೆ ನಡೆದು ಅವನ ಕೆಲಸ ಹೋಗುವುದರಲ್ಲಿದ್ದಾಗ, ಇನ್ಮೇಲೆ ನಾನು ಹೊಡಿ ಅಂದ್ಮೇಲೇ ಹೊಡೀಬೇಕು ಭಾವ, ಮುಂಚೆ ಅಲ್ಲ, ಆಯ್ತು ದೊರೆ, ಅಪ್ಪಣೆ, ತಮಾಷೆಗೆ ಕೈಮುಗಿದಿದ್ದ, ಮನೆಯಲ್ಲಿ ಹೊಡೆಯಲು ಯಾರ ಅಪ್ಪಣೆಯನ್ನೂ ಕೇಳದವನು ಇಲ್ಲಿ ನಿಂತು ಕೇಳುತ್ತಿದ್ದಾನೆ, ಹೊಡಿ, ಎರಡಕ್ಷರ, ಅದು ಯೋರಾಮನ ಬಾಯಿಂದ ಬಂತು, ಬಂದೇ ಬಂತು, ಕೊಂಬು ಒಳಗೆ ಹೋದ ಮೇಲೆ ಬಂತು, ಬಂದೂಕು ಹುಲ್ಲಿನಲ್ಲಿ ಬಿದ್ದ ಮೇಲೆ. ಕೋಣ ಅವನನ್ನು ಎತ್ತಿ ಎಸೆಯಿತು, ಬಿದ್ದವನನ್ನು ಮತ್ತೆ ಕೊಂಬಿನಲ್ಲಿ ಹುಡುಕಿ ತಿವಿಯಿತು, ಬಟ್ಟೆ ಹರಿಯುವಂಥ ಸದ್ದು, ಬಟ್ಟೆಯಲ್ಲ, ಆಮೇಲೆ ಸೀನಿ, ನದಿಯ ಕಡೆಗೆ ಜೊಂಡಿನಲ್ಲಿ ನುಗ್ಗಿ ಹೋಯಿತು.

ಈಗ ಯೋರಾಮನ ಮುಷ್ಟಿ ಕೆಬ್ಬಿಯ ತೊಡೆಯ ಸಂದಿನ ಒಳಗಿದೆ, ಮಣಿಕಟ್ಟಿನವರೆಗೆ, ಕಟ್ಟಲು ಬಾರದಷ್ಟು ಮೇಲೆ ಸೀಳಿದೆ, ಅತಿಥಿ ಹೆಂಗಸು ತನ್ನ ಕತ್ತಿನ ಬಟ್ಟೆ ಕೊಟ್ಟಳು, ಅದು ಎಲ್ಲಿ ಹೋಯಿತೋ, ಒಳಗೆ ಬಿಸಿ, ಬೆರಳ ಗೆಣ್ಣಿನ ಕೆಳಗೆ ನೆತ್ತರು ಚಿಮ್ಮುತ್ತಿದೆ, ಒತ್ತಿದರೆ ನಿಲ್ಲುತ್ತದೆ, ಕ್ಯಾಂಪಿನಿಂದ ಜೀಪು ಹೊರಟಿದೆಯಂತೆ, ಒತ್ತು, ಕೈ ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ, ಜಾರಿತು ಅಂದರಾಯಿತು, ಅಕ್ಕ ಮತ್ತೆ ಬಲಗೈಯಲ್ಲೇ ಉಣ್ಣುತ್ತಾಳೆ — ಇಲ್ಲ, ಒತ್ತು, ಒತ್ತೋ ನಾಯಿ, ಕೊಂದವನೂ ನೀನೇ ಒತ್ತುವವನೂ ನೀನೇ. ಭಾಮೈದ, ಕೆಬ್ಬಿಯ ತುಟಿ ಬೂದಿಯ ಬಣ್ಣ, ಕೈ ತೆಗಿಯೋ ಅಲ್ಲಿಂದ, ಆ ಜಾಗ ನಿಮ್ಮಕ್ಕಂದು. ನಕ್ಕ, ನಗಲು ಹೋಗಿ ಕೆಮ್ಮಿದ. ಮಾತಾಡ್ಬೇಡಿ ಭಾವ. ಹಕ್ಕಿ ಕೂಗಿತ್ತೇನೋ. ಇಲ್ಲ ಭಾವ. ನಂಗಂತೂ ಕೇಳಿಸ್ಲಿಲ್ಲ ಕಣೋ. ಇಲ್ಲ ಭಾವ, ಕೂಗ್ಲಿಲ್ಲ. ಕೂಗಿದ್ರೆ ನೀನು ಹೇಳಿರ್ತಿದ್ದೆ, ಬಿಡು, ಅಂದ, ಕಣ್ಣು ಮುಚ್ಚಿದ, ಅವನ ಕೈ ಬಂದು ಯೋರಾಮನ ಮಣಿಕಟ್ಟನ್ನು ಹಿಡಿದುಕೊಂಡಿತು, ಅಕ್ಕನ ಬೆರಳು ಮುರಿದ ಕೈ, ದೂಡಲಿಕ್ಕಲ್ಲ, ಬೀಳುವವನು ಹಿಡಿಯುವ ಹಾಗೆ ಹಿಡಿದುಕೊಂಡಿತು, ಯೋರಾಮ್ ಮೈಯ ಭಾರವನ್ನೆಲ್ಲ ಮುಷ್ಟಿಗೆ ಹಾಕಿ ಒತ್ತಿದ, ಜನ್ಮದಲ್ಲಿ ಯಾವುದನ್ನೂ ಇಷ್ಟು ಬಲವಾಗಿ ಒತ್ತಿರಲಿಲ್ಲ.

ಚಿಮ್ಮುವುದು ನಿಧಾನವಾಯಿತು, ನಿಂತೇಬಿಟ್ಟಿತು, ಒತ್ತಿದ್ದಕ್ಕೋ, ಚಿಮ್ಮಲು ಏನೂ ಉಳಿಯದ್ದಕ್ಕೋ, ಜೀಪಿನ ಸದ್ದು, ಧೂಳು, ಹೆಂಗಸು ಬಗ್ಗಿ ಹೇಳುತ್ತಿದ್ದಾಳೆ, ಬಿಡು, ಕೈ ಬಿಡು, ಅವನು ಹೋದ, ಇವನು ಬಿಡುತ್ತಿಲ್ಲ, ಊರಿಗೆ ಹೋದರೆ ಅಕ್ಕ ಅಂಗಳಕ್ಕೆ ಓಡಿಬರುತ್ತಾಳೆ, ನಿನ್ನ ಮುಂದೆ ನಡೆಯೋನು ಎಲ್ಲೋ ಅಂತ ಕೇಳುತ್ತಾಳೆ, ಹಕ್ಕಿ ಕೂಗಲಿಲ್ಲ ಅಕ್ಕ, ಅಂತ ಹೇಳಬೇಕು, ಸಿಳ್ಳೆ, ಹಕ್ಕಿ, ಬೆರಳು, ಯಾವುದೂ ಕಣ್ಣಿಗೆ ನಿಲ್ಲುತ್ತಿಲ್ಲ, ಅದೊಂದೇ ನಿಲ್ಲುತ್ತದೆ, ಬಂದೂಕು ಅರ್ಧ ಎತ್ತಿಕೊಂಡು, ಬರುತ್ತಿರುವುದಕ್ಕೆ ಬೆನ್ನು ಕೊಟ್ಟು, ಹಿಂದಕ್ಕೆ ತಿರುಗಿದ ಮುಖ, ಹುಬ್ಬು ಮೇಲೇರಿಸಿ ಕೇಳುತ್ತಿರುವ ಮುಖ, ಹಿಂದಕ್ಕೆ ತಿರುಗಿದ ಆ ಮುಖ —