ಆಸ್ಪಿನಾಲ್ ಸಾಹೇಬರ ಬಸವನಹುಳು

ಸಿಂಹಾಸನದ ಮೇಲೆ ವಿಕ್ಟೋರಿಯಾ ರಾಣಿಯೇ ಕೂತಿದ್ದರೂ ಲಂಡನ್ನಿನ ನಮ್ಮ ಕಸೂತಿ ಕೋಣೆಯಲ್ಲಿ ಒಂದೇ ಶಾಸನ: ನಕ್ಷೆ ಗಂಡಸರದು, ಸೂಜಿ ಹೆಂಗಸರದು. ನಕ್ಷೆ ಬರೆಯುವ ಆಸ್ಪಿನಾಲ್ ಸಾಹೇಬರು ಅದನ್ನು ದಿನಾ ನಮ್ಮ ಕಿವಿಗೆ ಊದುತ್ತಿದ್ದರು.

"ನಕ್ಷೇಲಿರೋ ಚುಕ್ಕೆ ಬಿಡಬಾರ್ದು, ಇಲ್ಲದ ಚುಕ್ಕೆ ಸೇರಿಸಬಾರ್ದು. ದೇವರು ನಿಮಗೆ ಬೆರಳು ಕೊಟ್ಟಿದಾನೆ, ಕಲ್ಪನೆ ನನಗೆ ಕೊಟ್ಟಿದಾನೆ."

ದೇವರು ಹಂಚುವಾಗ ಇವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರೇನೋ.

ನನ್ನ ಪಕ್ಕ ಕೂರುವ ಡಾರ್ಕಸ್ ಟಿಲ್ಯಾರ್ಡ್‌ಗೆ ಒಂದು ಹುಚ್ಚು. ನಾವು ಹೊಲಿಯುವ ಯಾವುದಾದರೊಂದು ಪಟದ ಮೇಲೆ ತನ್ನದೆನ್ನುವ ಒಂದು ಗೆರೆ ಇರಬೇಕು. ಹಾಗೆ ಮಾಡಹೋದವರನ್ನು ಸಾಹೇಬರು ಅವತ್ತೇ ಮನೆಗೆ ಕಳಿಸಿದ್ದು ಅವಳಿಗೂ ಗೊತ್ತಿತ್ತು.

ಲಿಲ್ಲಿ ಹೂಗಳ ನಕ್ಷೆ ಬಂದಾಗ ಒಂದು ಎಲೆಯ ಮೇಲೆ ಕಂದು ಕಲೆಯಿತ್ತು.

"ಚುಕ್ಕೆ ಬಿಡಬಾರ್ದಲ್ವೇನೇ?" ಎಂದು ಡಾರ್ಕಸ್ ನಕ್ಕಳು.

"ಸುಮ್ನಿರು ತಾಯಿ, ಅದು ಸಾಹೇಬ್ರು ಟೀ ಚೆಲ್ಲಿರೋದು ಕಣೆ."

ಅವಳು ಕೇಳಲಿಲ್ಲ. ಅಲ್ಲೊಂದು ಬಸವನಹುಳು ಹೊಲಿದಳು. ಕೊಂಬು ಚಾಚಿ ಎಲೆಯ ತುದಿಗೆ ಹೊರಟಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಪಟ ಮಾಡಿಸಿದ್ದ ಲೇಡಿ ವಿಂಗ್‌ಹ್ಯಾಮ್ ನೋಡಲು ಬಂದರು. ಆಗಲೇ ಸಾಹೇಬರ ಕಣ್ಣು ಹುಳುವಿನ ಮೇಲೆ ಬಿದ್ದದ್ದು.

"ಏನಮ್ಮ ಇದು? ಯಾರು ಹೇಳಿದ್ರು ನಿನಗೆ?"

"ನಿಮ್ಮ ನಕ್ಷೇಲೇ ಇತ್ತಲ್ಲ ಸಾರ್" ಎಂದು ಡಾರ್ಕಸ್ ನಕ್ಷೆ ಬಿಚ್ಚಿ ಕಲೆಯನ್ನು ತೋರಿಸಿದಳು.

ಟೀ ಚೆಲ್ಲಿದೆ ಎಂದು ಒಪ್ಪಿಕೊಳ್ಳುವ ಬಾಯಿ ಅವರದಲ್ಲ. ಅಷ್ಟರಲ್ಲಿ ಲೇಡಿ, "ಅಯ್ಯೋ, ಎಷ್ಟು ಮುದ್ದಾಗಿದೆ ರೀ! ಹೂವಿಗಿಂತ ಇದೇ ಚೆಂದ. ಹೇಗೆ ಹೊಳೀತು ನಿಮಗೆ?" ಎಂದರು.

ಸಾಹೇಬರು ಕೆಮ್ಮಿದರು. "ಸುಮ್ನೆ... ಹೊಳೀತು ಅಷ್ಟೇ, ಮೇಡಂ."

ಡಾರ್ಕಸಳ ಕೆಲಸ ಉಳಿಯಿತು, ಹುಳು ಸಾಹೇಬರ ಪಾಲಾಯಿತು. ಪಟವನ್ನು ಪ್ರದರ್ಶನಕ್ಕಿಟ್ಟಾಗ ಪತ್ರಿಕೆಗಳು ಅದನ್ನು ಗಂಡುಪ್ರತಿಭೆಯ ತುಂಟತನ ಎಂದು ಹೊಗಳಿದವು. ಹುಳು ತನ್ನದೆಂದರೆ ಡಾರ್ಕಸ್ ಅವತ್ತೇ ಮನೆಗೆ.

ಆಮೇಲೆ ಊರಿನ ದೊಡ್ಡಮನೆ ಹೆಂಗಸರಿಗೆಲ್ಲ ಬಸವನಹುಳುವೇ ಬೇಕಾಯಿತು. ಸಾಹೇಬರು ಈ ಸಲ ತಾವೇ ಒಂದು ಬರೆದು ತಂದರು. ಅದು ಚಿಪ್ಪು ಹೊತ್ತ ಹಂದಿಮರಿಯ ಹಾಗಿತ್ತು.

"ಸಾರ್, ಆ ಕೊಂಬು ಸ್ವಲ್ಪ..." ಎಂದಳು ಡಾರ್ಕಸ್ ಮೆಲ್ಲಗೆ.

"ನೋಡಮ್ಮ, ಹೋದ ಸಲ ನನ್ನ ಹುಳೂನ ನೀನು ಕೆಡಿಸಿಬಿಟ್ಟಿದ್ದೆ. ಲೇಡಿ ಮುಂದೆ ಬೈಯೋದು ಬೇಡ ಅಂತ ಸುಮ್ನಿದ್ದೆ. ಈ ಸಲ ಇದ್ದ ಹಾಗೇ ಹೊಲಿ."

ಡಾರ್ಕಸ್ ಕಣ್ಣೊರೆಸಿಕೊಂಡು ಸೂಜಿಗೆ ದಾರ ಪೋಣಿಸಿದಳು. ಒಂದು ಗೆರೆಯೂ ತಪ್ಪದಂತೆ ಹಂದಿಮರಿಯನ್ನು ಹೊಲಿದಳು.